ಹಾಡುವವರೇ, ಊರ ಕಲ್ಲುಗಳನ್ನೂ ಕಾಯಿರಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಜನಪದ ಹಾಡುಗಾರರಿಗೆ, ವಾದ್ಯದವರಿಗೆ, ಗಿಟಾರ್ ಹಿಡಿದು ಹಳ್ಳಿಯ ಪದ ಹಾಡುತ್ತಿರುವ ಎಳೆಯರಿಗೆ,



ನಾನು ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು. ನಿಮ್ಮಲ್ಲಿ ಕೆಲವರು ನನ್ನ ತರಗತಿಯಲ್ಲೇ ಕೂತಿದ್ದವರು. ಗಣೇಶನ ಪೆಂಡಾಲಿನಲ್ಲಿ, ಕಾಲೇಜಿನ ವಾರ್ಷಿಕೋತ್ಸವದಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ ನಿಮ್ಮ ಹಾಡು ಕೇಳುತ್ತೇನೆ. ಶರೀಫರ ತತ್ತ್ವಪದ ಗಿಟಾರಿನ ತಂತಿಗೆ ಹೊಂದಿಕೊಂಡಾಗ, ನಮ್ಮ ಸೋಬಾನೆಯ ಸಾಲು ತಮಟೆಯ ಜೊತೆಗೆ ಏರಿದಾಗ, ಮುಂದೆ ಕೂತ ಮುದುಕಿಯರೂ ಮೊಬೈಲ್ ಹಿಡಿದ ಮಕ್ಕಳೂ ಒಟ್ಟಿಗೆ ತಲೆದೂಗುವುದನ್ನು ಕಂಡಿದ್ದೇನೆ. ಅಂಥ ಶಕ್ತಿ ಮೇಷ್ಟ್ರುಗಳಿಗೂ ಇಲ್ಲ, ಅಧಿಕಾರಿಗಳಿಗೂ ಇಲ್ಲ. ಅದಕ್ಕೇ ಈ ಪತ್ರ ನಿಮಗೆ ಬರೆಯುತ್ತಿದ್ದೇನೆ. ಹಾಡಿನ ಜೊತೆಗೆ ಇನ್ನೊಂದು ಕೆಲಸಕ್ಕೂ ನೀವು ಹೆಗಲು ಕೊಡಬೇಕು. ನೀವು ಹಾಡಲು ಹೋಗುವ ಊರುಗಳ ವೀರಗಲ್ಲು, ಶಾಸನ, ಕಲ್ಯಾಣಿ, ಹಳೆಯ ಗುಡಿ, ತೊಟ್ಟಿಮನೆಗಳನ್ನು ಕಾಯುವ ಕೆಲಸ ಅದು.

ಇದು ಪುರಾತತ್ವ ಇಲಾಖೆಯ ಕೆಲಸವಲ್ಲವೇ ಎಂದು ನೀವು ಕೇಳಬಹುದು. ಹೌದು, ಅವರ ಕೆಲಸವೂ ಹೌದು. ಆದರೆ ಇಲಾಖೆಯ ಪಟ್ಟಿಯಲ್ಲಿ ಇರುವುದು ದೊಡ್ಡ ಗುಡಿಗಳು. ಕೆರೆ ಏರಿಯ ಮೇಲೆ ವಾಲಿ ನಿಂತ ಕಲ್ಲು, ಹೊಲದ ಬದುವಿನಲ್ಲಿ ಅರ್ಧ ಹೂತ ಶಾಸನ, ಊರ ಮುಂದಿನ ಮಾಸ್ತಿಗಲ್ಲು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವು ಎಲ್ಲಿವೆ, ಯಾರ ನೆನಪಿನಲ್ಲಿವೆ ಎಂಬುದು ಹಾಡು ಕಲಿಯಲು ಮನೆಮನೆಗೆ ಹೋಗುವವರಿಗೆ ಗೊತ್ತಾದಷ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಅರಕಲಗೂಡು ಕಡೆಯ ಒಂದು ಮದುವೆಮನೆಯಲ್ಲಿ ಸೋಬಾನೆ ಹೇಳುತ್ತಿದ್ದ ಅಜ್ಜಿಯೊಬ್ಬರನ್ನು, ಹಾಡಿನಲ್ಲಿ ಬರುವ 'ಕೆರೆ ಕಾಯೋ ಅಪ್ಪ' ಯಾರು ಎಂದು ಕೇಳಿದೆ. 'ಏರಿ ಮೇಲೈತಲ್ಲ ಕಲ್ಲು, ಅವ್ನೇ ಕಣಪ್ಪ. ರಾಗಿ ತೆನೆ ಮೊದ್ಲು ಅವನ್ಗೆ ಇಟ್ಟೇ ಕಣಕ್ಕೆ ತರೋದು' ಎಂದರು. ಹೋಗಿ ನೋಡಿದರೆ ಅದು ಮೂರು ಹಂತದ ವೀರಗಲ್ಲು. ಕೆಳಗಿನ ಹಂತದಲ್ಲಿ ಬಿಲ್ಲು ಹಿಡಿದ ವೀರ, ಅವನ ಹಿಂದೆ ಕತ್ತೆತ್ತಿ ನಿಂತ ಮೂರು ಹಸುಗಳು. ನಡುವಿನ ಹಂತದಲ್ಲಿ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಶಿವಲಿಂಗದ ಎದುರು ಕೈಮುಗಿದು ಕೂತಿದ್ದಾನೆ, ತಲೆಯ ಮೇಲೆ ಸೂರ್ಯಚಂದ್ರರು. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತ ಹಳ್ಳಿಯವನೊಬ್ಬನ ಕಲ್ಲು ಅದು. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿದ್ದವು. ಆದರೆ ವರ್ಷಾನುಗಟ್ಟಲೆ ಸುರಿದ ಎಣ್ಣೆ, ಅದರ ಮೇಲೆ ಬಳಿದ ಸುಣ್ಣ, ಸುಣ್ಣದ ಮೇಲೆ ಹಚ್ಚಿದ ಎನಾಮಲ್ ಬಣ್ಣದ ಅಡಿಯಲ್ಲಿ ಒಂದಕ್ಷರವೂ ಓದಲು ಬರಲಿಲ್ಲ. ಆ ವೀರನ ಹೆಸರು ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿದೆ, ಅವನ ಕೆಲಸ ಅಜ್ಜಿಯ ಹಾಡಿನಲ್ಲಿ ಉಳಿದಿದೆ. ಎರಡನ್ನೂ ಒಟ್ಟಿಗೆ ಹಿಡಿಯಬಲ್ಲವರು ನೀವು.

ಹಾಡಿನಿಂದ ಹೊರಟು ಊರ ಪರಂಪರೆ ಕಾಯಲು ನಿಂತವರು ನಮ್ಮ ನಾಡಿಗೆ ಹೊಸಬರಲ್ಲ. ಅಂಥ ಕೆಲವರ ಬದುಕನ್ನು ನಿಮಗೆ ನೆನಪಿಸಬೇಕು.

ಮೊದಲನೆಯವರು ನಮ್ಮ ನೆರೆಯವರೇ. ಹೇಮಾವತಿ ದಂಡೆಯ ಬಂಡಿಹೊಳೆ ಎಂಬ ಊರಿನಲ್ಲಿ ಬಿ. ರಂಗಸ್ವಾಮಿ ಎಂಬ ಅರ್ಚಕರಿದ್ದರು. ಗುಡಿಯ ಪೂಜೆಯೇ ಜೀವನ. ಆದರೆ ಅವರು ಗರ್ಭಗುಡಿಯ ಮಂತ್ರಕ್ಕೆ ಎಷ್ಟು ಕಿವಿಕೊಟ್ಟರೋ ಹೊಲದಲ್ಲಿ ಕಳೆ ಕೀಳುವವರ, ರಾಗಿ ಬೀಸುವವರ ಹಾಡಿಗೂ ಅಷ್ಟೇ ಕಿವಿಕೊಟ್ಟರು. ತಮ್ಮ ಊರೊಂದರ ಬದುಕನ್ನೂ ಹಾಡುಗಳನ್ನೂ ಸೇರಿಸಿ 'ಹುಟ್ಟಿದ ಹಳ್ಳಿ ಹಳ್ಳಿಯ ಹಾಡು' ಎಂಬ ಪುಸ್ತಕ ಬರೆದರು. ಅದು ಅಚ್ಚಾದದ್ದು 1933ರಲ್ಲಿ. ಜಾನಪದ ಎಂಬುದು ಇನ್ನೂ ಕಾಲೇಜಿನ ವಿಷಯವಾಗಿರದ ಕಾಲ ಅದು. ಹಾಡನ್ನು ಊರಿನಿಂದ ಬೇರೆ ಮಾಡದೆ ಬರೆದದ್ದು ಅವರ ಹಿರಿಮೆ. ಯಾವ ಹಾಡು ಯಾವ ಕೆಲಸದಲ್ಲಿ, ಯಾವ ಹಬ್ಬದಲ್ಲಿ ಎಂಬುದು ತಿಳಿದಾಗಲೇ ಆ ಊರು ಕಣ್ಣಿಗೆ ಕಟ್ಟುತ್ತದೆ. ಅದೇ ಹೊಳೆಯ ದಂಡೆಯ ಗೊರೂರಿನಲ್ಲಿ ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ಹಾಡುಗಳನ್ನು ಕೂಡಿಹಾಕಿದರು, ಊರಿನ ರಸಿಕರನ್ನು ಪುಸ್ತಕದಲ್ಲಿ ಉಳಿಸಿದರು. ಮುಂದೆ ಅದೇ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಎಷ್ಟೋ ಊರುಗಳು ಹಿನ್ನೀರಿನಲ್ಲಿ ಮುಳುಗಿದವು. ಮುಳುಗಿದ ಊರುಗಳಿಗೆಲ್ಲ ಒಬ್ಬೊಬ್ಬ ರಂಗಸ್ವಾಮಿ ಇದ್ದಿದ್ದರೆ ನಮ್ಮಲ್ಲಿ ಇವತ್ತು ಎಷ್ಟು ಉಳಿದಿರುತ್ತಿತ್ತು, ಯೋಚಿಸಿ.

ಎರಡನೆಯವರು ಸಕಲೇಶಪುರದ ಎಸ್.ಕೆ. ಕರೀಂ ಖಾನರು. ನಮ್ಮದೇ ಜಿಲ್ಲೆಯವರು. ನಾಟಕಕ್ಕೆ, ಸಿನಿಮಾಕ್ಕೆ ಹಾಡು ಬರೆದ ಕವಿ ಅವರು. 1962ರ 'ಸ್ವರ್ಣಗೌರಿ' ಚಿತ್ರಕ್ಕೆ ಅವರು ಬರೆದ ಹಾಡುಗಳನ್ನು ಇವತ್ತಿಗೂ ರೇಡಿಯೋದಲ್ಲಿ ಕೇಳುತ್ತೇವೆ. ಆ ದಾರಿಯಲ್ಲೇ ಹೋಗಿದ್ದರೆ ಹೆಸರೂ ಹಣವೂ ಬರುತ್ತಿತ್ತು. ಅವರು ಆರಿಸಿಕೊಂಡದ್ದು ಹಳ್ಳಿಯ ದಾರಿ. ಹೆಗಲಿಗೆ ಚೀಲ ಹಾಕಿ ಊರೂರು ಅಲೆದರು. ಹಾಡು ಕೇಳಿದರು, ಬರೆದುಕೊಂಡರು, ಕೇಳಿದ್ದನ್ನು ತಾವೇ ಹಾಡಿ ಜನರಿಗೆ ತಿರುಗಿ ಕೊಟ್ಟರು. 'ಜಾನಪದ ಜಂಗಮ' ಎಂದು ನಾಡು ಅವರನ್ನು ಕರೆಯಿತು. ತುಂಬು ಆಯುಷ್ಯ ಬಾಳಿ 2006ರಲ್ಲಿ ತೀರಿಕೊಳ್ಳುವವರೆಗೂ ಆ ಹೆಸರು ಅವರಿಗೆ ಒಪ್ಪಿತ್ತು. ಮುಸ್ಲಿಂ ಮನೆಯಲ್ಲಿ ಹುಟ್ಟಿದ ಅವರು ಗೌರಿಹಬ್ಬದ ಹಾಡು, ಶಿವನ ಹಾಡು, ಬೀಸುಕಲ್ಲಿನ ಪದಗಳನ್ನು ಎದೆಯಲ್ಲಿಟ್ಟುಕೊಂಡು ತಿರುಗಿದರು. ಇದು ನಿಮ್ಮದು, ಇದು ನಮ್ಮದು ಎಂದು ಯಾವ ಹಳ್ಳಿಯ ಹೆಣ್ಣುಮಗಳೂ ಅವರಿಗೆ ಬಾಗಿಲು ಹಾಕಲಿಲ್ಲ. ಊರಿನ ನಂಬಿಕೆ ಗಳಿಸಿದವನಿಗೆ ಊರು ತನ್ನ ಗಂಟನ್ನೆಲ್ಲ ಬಿಚ್ಚಿ ತೋರಿಸುತ್ತದೆ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಹಾಡಿನ ಜೊತೆ ವಸ್ತುಗಳನ್ನೂ ಕೂಡಿಸಿದರು. ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದವರು ಅವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, ರಾಮನಗರದ ಬಳಿ 15 ಎಕರೆಯಲ್ಲಿ ಜಾನಪದ ಲೋಕ ನಿಲ್ಲಿಸಿದರು. ನೊಗ, ಕೂರಿಗೆ, ಒನಕೆ, ಕೊಳಗ, ತೊಗಲುಗೊಂಬೆ, ಮುಖವಾಡ ಎಲ್ಲಕ್ಕೂ ಅಲ್ಲಿ ಮನೆ ಸಿಕ್ಕಿತು. ಹಾಡು ಉಳಿಯಬೇಕಾದರೆ ಹಾಡಿನೊಳಗಿನ ಒನಕೆಯೂ ಉಳಿಯಬೇಕು ಎಂಬುದು ಅವರಿಗೆ ತಿಳಿದಿತ್ತು.

ಮಣಿಪಾಲದ ವಿಜಯನಾಥ ಶೆಣೈ ಅವರ ಕಥೆಯನ್ನಂತೂ ನೀವು ಚೆನ್ನಾಗಿ ತಿಳಿದುಕೊಳ್ಳಬೇಕು. ಅವರು ವಾಸ್ತುಶಿಲ್ಪ ಓದಿದವರಲ್ಲ, ಬ್ಯಾಂಕಿನಲ್ಲಿ ನೌಕರಿ ಮಾಡುತ್ತಿದ್ದವರು. ಸಂಗೀತದ ಹುಚ್ಚಿನಿಂದ ಉಡುಪಿಯ ಸಂಗೀತ ಸಭೆಗಾಗಿ ದುಡಿದು, ದೊಡ್ಡ ದೊಡ್ಡ ಕಲಾವಿದರನ್ನು ಆ ಊರಿಗೆ ಕರೆಸಿದವರು. ಕರಾವಳಿಯ ಹಳೆಯ ಮನೆಗಳು ಒಂದೊಂದಾಗಿ ಬೀಳುವುದು, ಅವುಗಳ ಕೆತ್ತನೆಯ ಕಂಬ, ಬಾಗಿಲು, ಮುಚ್ಚಿಗೆಗಳು ಗುಜರಿಗೂ ಸೌದೆಗೂ ಹೋಗುವುದು ಅವರ ಕಣ್ಣಿಗೆ ಬಿತ್ತು. ರಾಗವನ್ನು ಆಲಿಸುವ ಶ್ರದ್ಧೆಯಿಂದಲೇ ಅವರು ಆ ಕಂಬಗಳನ್ನು ನೋಡಿದರು. ಬಿದ್ದ ಮನೆಗಳ ತುಂಡುಗಳನ್ನು ಕೂಡಿಸಿ ತಮ್ಮ ವಾಸಕ್ಕೆ 'ಹಸ್ತಶಿಲ್ಪ' ಎಂಬ ಮನೆ ಕಟ್ಟಿಕೊಂಡರು. ನೋಡಲು ಬರುವ ಜನ ಹೆಚ್ಚಿದಾಗ ಆ ಮನೆಯನ್ನೇ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಆಮೇಲೆ ಇಡೀ ಮನೆಗಳನ್ನೇ ಉಳಿಸುವ ಕೆಲಸಕ್ಕೆ ಕೈಹಾಕಿದರು. ಬೀಳಲಿದ್ದ ಮನೆಯ ಒಂದೊಂದು ತೊಲೆಗೂ ಕಲ್ಲಿಗೂ ಹೆಂಚಿಗೂ ಗುರುತು ಹಾಕಿ, ನಕ್ಷೆ ಬರೆದು, ಬಿಚ್ಚಿ ತಂದು, ಮಣಿಪಾಲದಲ್ಲಿ ಮತ್ತೆ ಹಾಗೆಯೇ ಎಬ್ಬಿಸಿದರು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ್ ಮಹಲ್ ಇವೆಲ್ಲ ಹಾಗೆ ಬಂದು ನಿಂತಿವೆ. 2017ರಲ್ಲಿ ಶೆಣೈ ತೀರಿಕೊಂಡರು. ಅವರು ಉಳಿಸಿದ ಮನೆಗಳ ಜಗಲಿಯಲ್ಲಿ ಇವತ್ತು ಮಕ್ಕಳು ಓಡಾಡುತ್ತಿದ್ದಾರೆ.

ದೂರದ ಅಮೆರಿಕದ ಪೀಟ್ ಸೀಗರ್ ಹೆಸರನ್ನು ನಿಮ್ಮಲ್ಲಿ ಗಿಟಾರ್ ನುಡಿಸುವವರು ಕೇಳಿಯೇ ಇರುತ್ತೀರಿ. ಬ್ಯಾಂಜೋ, ಹನ್ನೆರಡು ತಂತಿಯ ಗಿಟಾರ್ ಹಿಡಿದು ಜನಪದ ಹಾಡುಗಳನ್ನು ಲೋಕಕ್ಕೆ ಹಂಚಿದ ಹಾಡುಗಾರ. ತನ್ನ ಮನೆಯ ಮುಂದೆ ಹರಿಯುವ ಹಡ್ಸನ್ ನದಿ ಕೊಳೆತು ನಾರುತ್ತಿರುವುದನ್ನು ಕಂಡು, ಆ ನದಿಯಲ್ಲಿ ಹಿಂದೆ ಓಡಾಡುತ್ತಿದ್ದ ಹಾಯಿಹಡಗಿನ ಮಾದರಿಯಲ್ಲೇ ಒಂದು ಹಡಗು ಕಟ್ಟಿಸಲು ಗೆಳೆಯರ ಜೊತೆ ಊರೂರಲ್ಲಿ ಹಾಡಿ ಹಣ ಕೂಡಿಸಿದ. 1969ರಲ್ಲಿ 'ಕ್ಲಿಯರ್‌ವಾಟರ್' ಎಂಬ ಆ ಹಡಗು ನೀರಿಗಿಳಿಯಿತು. ದಡದ ಊರುಗಳಲ್ಲಿ ನಿಂತು ಹಾಡುತ್ತ, ಮಕ್ಕಳನ್ನು ಹತ್ತಿಸಿಕೊಂಡು ನದಿ ತೋರಿಸುತ್ತ ಹೋಯಿತು. ಹಾಡು ಕೇಳಲು ಬಂದವರು ನದಿಯ ಪರವಾಗಿ ಮಾತಾಡುವವರಾದರು.

ಇಷ್ಟು ದೂರ ಯಾಕೆ? ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಹೋಗಿ ಬನ್ನಿ. ಕಾವೇರಿ ದಂಡೆಯ ಸಣ್ಣ ಊರು. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು ಎಂದು ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಹೀಗೆ ಕರ್ನಾಟಕ ಸಂಗೀತಕ್ಕೆ ದೊಡ್ಡ ದೊಡ್ಡ ಕಲಾವಿದರನ್ನು ಕೊಟ್ಟ ನೆಲ. ಮನೆತನಗಳು ನಗರಕ್ಕೆ ಹೋದಮೇಲೆ ಅಂಥ ಊರು ಬರೀ ಹೆಸರಿನ ಮುಂದಿನ ಇನಿಷಿಯಲ್ ಆಗಿ ಉಳಿಯುವ ಅಪಾಯವಿತ್ತು. ಅದೇ ಊರಿನ ಗಾಯಕ ಆರ್.ಕೆ. ಪದ್ಮನಾಭರು ತಿರುಗಿ ಊರ ಕಡೆ ನೋಡಿದರು. ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತಾ ಧ್ಯಾನ ಮಂದಿರ ಕಟ್ಟಿಸಿದರು, ನದಿ ದಂಡೆಯಲ್ಲಿ ಸಂಗೀತೋತ್ಸವ ನಡೆಸುತ್ತ ಬಂದರು. ಅವರದು ಶಾಸ್ತ್ರೀಯ ಸಂಗೀತ, ನಿಮ್ಮದು ಜನಪದ. ದಾರಿ ಮಾತ್ರ ಒಂದೇ: ಕೊರಳಿನಿಂದ ಗಳಿಸಿದ ಗೌರವವನ್ನು ಹುಟ್ಟಿದ ಊರಿನ ಕೆಲಸಕ್ಕೆ ಬಳಸುವುದು.

ಈಗ ನಮ್ಮ ನಾಲ್ಕು ತಾಲ್ಲೂಕುಗಳ ಮಾತಿಗೆ ಬರೋಣ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಮಗೆಲ್ಲ ಹೆಮ್ಮೆ. ಆದರೆ ಹೊಯ್ಸಳರ ಕಾಲದ ಸಂಪತ್ತು ಆ ಮೂರು ಊರುಗಳಿಗೆ ಮುಗಿಯುವುದಿಲ್ಲ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಕಟ್ಟಿದ್ದು ಸುಮಾರು 1113ರಲ್ಲಿ. ಅಂದರೆ ಬೇಲೂರಿನ ಚೆನ್ನಕೇಶವನಿಗಿಂತ ಹಿಂದಿನದು. ಕಟ್ಟಿಸಿದವರು ಕುಲ್ಲಹಣ ರಾವುತ ಎಂಬ ವರ್ತಕ, ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿಗಳಿರುವ ಅಪರೂಪದ ಕಟ್ಟಡ, ಎದುರಿಗೆ ಕೆರೆ, ಸುತ್ತ ತೆಂಗು. 2020ರ ನವೆಂಬರಿನಲ್ಲಿ ಅಲ್ಲಿನ ಕಾಳಿಯ ವಿಗ್ರಹ ಒಡೆದು ಬಿದ್ದಿದ್ದು ಕಂಡಾಗ ಜಿಲ್ಲೆಗೆ ಜಿಲ್ಲೆಯೇ ಮರುಗಿತು. ಹಾಗೆ ಮರುಗಿದವರಲ್ಲಿ ಎಷ್ಟು ಮಂದಿ ಅದಕ್ಕೆ ಮೊದಲು ಆ ಗುಡಿಯ ಹೊಸ್ತಿಲು ದಾಟಿದ್ದರು? ಕೋರವಂಗಲದ ಬೂಚೇಶ್ವರ ಗುಡಿ 1173ರದ್ದು. ಮೊಸಳೆ ಎಂಬ ಊರಿನಲ್ಲಿ ನಾಗೇಶ್ವರ, ಚೆನ್ನಕೇಶವ ಎರಡು ಗುಡಿಗಳು ಅವಳಿ ಮಕ್ಕಳ ಹಾಗೆ ಪಕ್ಕಪಕ್ಕ ನಿಂತಿವೆ.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ 1246ರದ್ದು. ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಅದರ ಹೊರಗೋಡೆಯ ವಿಗ್ರಹಗಳ ಪೀಠವನ್ನು ಬಗ್ಗಿ ನೋಡಿ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳನ್ನು ಅಲ್ಲಿ ಕೆತ್ತಲಾಗಿದೆ. ಏಳೂವರೆ ಶತಮಾನಕ್ಕಿಂತ ಹಿಂದೆ ಉಳಿ ಹಿಡಿದು ದುಡಿದವರು ತಮ್ಮ ಹೆಸರನ್ನು ನಮಗಾಗಿ ಬಿಟ್ಟುಹೋಗಿದ್ದಾರೆ. ಅದೇ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಸಿಕ್ಕವು 144. ಆರ್. ನರಸಿಂಹಾಚಾರ್ಯರು ಮತ್ತೆ ಹುಡುಕಿ 1923ರಲ್ಲಿ ಹೊರತಂದ ಸಂಪುಟದಲ್ಲಿ ಅವು 500 ಆದವು. ಬೆಟ್ಟಗಳೂ ಬಂಡೆಗಳೂ ಮೊದಲಿನವೇ. ಹುಡುಕುವ ಕಣ್ಣು ಹೆಚ್ಚಿದ್ದರಿಂದ ಶಾಸನಗಳೂ ಹೆಚ್ಚಿದವು. ನಮ್ಮ ಹಳ್ಳಿಗಳಲ್ಲೂ ಇನ್ನೂ ಓದದ ಕಲ್ಲುಗಳು ಖಂಡಿತ ಇವೆ.

ಹೊಳೆನರಸೀಪುರದಲ್ಲಿ ಹೇಮಾವತಿ, ಲಕ್ಷ್ಮೀನರಸಿಂಹನ ಗುಡಿ, ಹಳೆಯ ಪೇಟೆಯ ಮನೆಗಳಿವೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಸೋಪಾನಗಳು, ರಾಮೇಶ್ವರನ ಗುಡಿ, ದಡಕ್ಕೆ ಬರುವ ದೇವರ ಮೀನುಗಳಿವೆ. ಗೊರೂರಿನ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ನಿಂತಿದೆ. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ್ದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ಚಾವಣಿ ಎಂದೋ ಹೋಗಿದೆ, ಗೋಡೆಗಳು ಸವೆಯುತ್ತಿವೆ. ಅದರ ಮುಂದೆ ಮದುವೆಯ ಫೋಟೋ ತೆಗೆಸಿಕೊಳ್ಳುವವರಿಗೆ ಕೊರತೆಯಿಲ್ಲ. ಅಲ್ಲಿಂದ ಎದ್ದುಹೋದ ಕುಟುಂಬಗಳ ಹಿರಿಯರ ಬಳಿ ಕೂತು, ಆ ಊರಿನಲ್ಲಿ ಏನು ಹಾಡುತ್ತಿದ್ದಿರಿ, ಯಾವ ಹಬ್ಬ ಮಾಡುತ್ತಿದ್ದಿರಿ ಎಂದು ಕೇಳುವವರು ಬೇಕಾಗಿದ್ದಾರೆ.

ಒಂದು ಕಲ್ಲು ಎಷ್ಟು ದೊಡ್ಡ ಮಾತು ಹೇಳಬಲ್ಲದು ಎಂಬುದಕ್ಕೆ ನಮ್ಮ ಜಿಲ್ಲೆಯ ಹಲ್ಮಿಡಿಯೇ ಸಾಕು. ಬೇಲೂರು ತಾಲ್ಲೂಕಿನ ಆ ಊರಿನ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಐದನೇ ಶತಮಾನದ ಆ ಕಲ್ಲು ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಕೊಟ್ಟ ದಾನವನ್ನು ಹೇಳುತ್ತದೆ. ಕನ್ನಡದ ಮೊದಲ ಶಾಸನ ಎಂದು ನಾವು ಎದೆಯುಬ್ಬಿಸಿ ಹೇಳುವ ಆ ಕಲ್ಲನ್ನು ಯಾರಾದರೂ ಮೋರಿಯ ಚಪ್ಪಡಿಗೆ ಬಳಸಿಬಿಟ್ಟಿದ್ದರೆ ಕನ್ನಡದ ಚರಿತ್ರೆಯ ಮೊದಲ ಪುಟವೇ ಇರುತ್ತಿರಲಿಲ್ಲ. ಊರವರು ಅದನ್ನು ಉಳಿಸಿಕೊಂಡಿದ್ದರಿಂದಲೇ ವಿದ್ವಾಂಸರಿಗೆ ಅದು ಸಿಕ್ಕಿತು.

ನಮ್ಮ ಊರುಗಳ ಕಲ್ಲು, ಗುಡಿ, ಮನೆಗಳು ಹಾಳಾಗುತ್ತಿರುವುದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ. ಕಳ್ಳರು, ನಿಧಿಯಾಸೆಗೆ ಅಗೆಯುವವರು ಒಂದು ಕಡೆ. ಅವರಿಗಿಂತ ಹೆಚ್ಚು ಹಾನಿ ಆಗುತ್ತಿರುವುದು ಭಕ್ತಿಯಿಂದ, ಪ್ರೀತಿಯಿಂದ. ಜೀರ್ಣೋದ್ಧಾರ ಎಂದು ಹಳೆಯ ಗುಡಿಯನ್ನು ಕೆಡವಿ ಕಾಂಕ್ರೀಟಿನದು ಕಟ್ಟುತ್ತಾರೆ. ಹೊಯ್ಸಳರ ವಿಗ್ರಹಗಳು ಬಳಪದ ಕಲ್ಲಿನವು. ಮೃದುವಾದ್ದರಿಂದಲೇ ಅಷ್ಟು ನಾಜೂಕಿನ ಕೆತ್ತನೆ ಸಾಧ್ಯವಾಯಿತು. ಆ ಕಲ್ಲಿಗೆ ಆಸಿಡ್ ಹಾಕಿ ತಿಕ್ಕಿದರೆ, ಮೆಷಿನ್ನಿನಲ್ಲಿ ಮರಳು ಹೊಡೆದರೆ, ಆಭರಣದ ಎಳೆಗಳು, ಬೆರಳ ತುದಿಗಳು, ಅಕ್ಷರದ ಅಂಚುಗಳು ಒಂದೇ ದಿನಕ್ಕೆ ಹೋಗುತ್ತವೆ. ಹಳೆಯ ಗೋಡೆಗಳನ್ನು ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ಅರೆದ ಗಾರೆಯಲ್ಲಿ ಕಟ್ಟುತ್ತಿದ್ದರು. ಒಳಗಿನ ತೇವವನ್ನು ಅದು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಪುಡಿಯಾಗುತ್ತದೆ. ತೊಟ್ಟಿಮನೆ ಕೆಡವಿ ತಾರಸಿ ಹಾಕುವಾಗ ಹಲಸಿನ ಮರದ ಕಂಬಗಳನ್ನು ಗುಜರಿಯವರು ಕೇಳಿದ ಬೆಲೆಗೆ ಒಯ್ಯುತ್ತಾರೆ. ಮನೆಯವರನ್ನು ದೂರುವಂತಿಲ್ಲ. ಸೋರುವ ಹೆಂಚು ಕೈಯಾಡಿಸಲು ಆಳು ಸಿಗುವುದಿಲ್ಲ, ಅಣ್ಣತಮ್ಮಂದಿರಲ್ಲಿ ಪಾಲಾಗಬೇಕು, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಉಳಿಸಲಾಗದ ಮನೆಯನ್ನು ಬೀಳುವ ಮೊದಲು ಬರೆದಾದರೂ ಇಡೋಣ, ಚಿತ್ರ ತೆಗೆದಾದರೂ ಇಡೋಣ.

ಹಾಗಾದರೆ ಏನು ಮಾಡಬೇಕು? ನಿಮ್ಮಿಂದ ಆಗುವ ಕೆಲಸಗಳನ್ನಷ್ಟೇ ಹೇಳುತ್ತೇನೆ.

ಯಾವುದೇ ಊರಿಗೆ ಹಾಡಲು ಹೋದಾಗ ಒಂದು ಗಂಟೆ ಮೊದಲೇ ಹೋಗಿ. ಊರ ಹಿರಿಯರೊಬ್ಬರನ್ನು ಕರೆದುಕೊಂಡು ಕೆರೆ, ಗುಡಿ, ಹಾಳೂರಿನ ಜಾಗ, ಹಳೆಯ ಮನೆ ನೋಡಿ. ಕಂಡ ಕಲ್ಲಿನ ಚಿತ್ರವನ್ನು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯಿರಿ. ಆಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಸೀಮೆಸುಣ್ಣದಿಂದ ಅಕ್ಷರ ತಿದ್ದಬೇಡಿ, ತಂತಿಯ ಬ್ರಷ್ ಹಾಕಬೇಡಿ, ಕಲ್ಲನ್ನು ಕಿತ್ತು ಬೇರೆಡೆ ಇಡಬೇಡಿ. ಊರು, ಹೋಬಳಿ, ಜಾಗ ಯಾರದು, ಕಲ್ಲಿಗೆ ಊರವರು ಏನೆಂದು ಕರೆಯುತ್ತಾರೆ, ಯಾವ ಹಬ್ಬಕ್ಕೆ ಪೂಜೆ, ಯಾವ ಹಾಡಿನಲ್ಲಿ ಅದರ ಸುದ್ದಿ ಬರುತ್ತದೆ, ಇಷ್ಟನ್ನು ಬರೆದುಕೊಳ್ಳಿ. ಹಾಡು ಹೇಳಿದವರ ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿ, ಅವರ ಹೆಸರಿನೊಂದಿಗೇ ಇಡಿ. ವೇದಿಕೆಯ ಮೇಲೆ ಆ ಹಾಡು ಹಾಡುವಾಗ ಅವರ ಹೆಸರು ಹೇಳಿ.

ಆಮೇಲೆ ನಿಮ್ಮ ಊರಿನ ಹೆಸರನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಶಾಸನ ಸಂಪುಟಗಳಲ್ಲಿ ಹುಡುಕಿ. ಹಾಸನ ಜಿಲ್ಲೆಯ ಶಾಸನಗಳನ್ನು ರೈಸ್ 1902ರಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾಲಯದವರು ಅವನ್ನು ಪರಿಷ್ಕರಿಸಿ ತಾಲ್ಲೂಕುವಾರು ಮತ್ತೆ ಹೊರತಂದಿದ್ದಾರೆ. ನೀವು ಕಂಡ ಕಲ್ಲು ಅದರಲ್ಲಿದ್ದರೆ ಅದರ ಪಾಠ ಓದಿ ಊರವರಿಗೆ ತಿಳಿಸಿ. ಇಲ್ಲದಿದ್ದರೆ ರಾಜ್ಯದ ಪುರಾತತ್ವ ಇಲಾಖೆಗೆ, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಚಿತ್ರ ಕಳಿಸಿ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಈ ಕಾನೂನು ಎಷ್ಟೋ ಪಂಚಾಯಿತಿ ಸದಸ್ಯರಿಗೇ ತಿಳಿದಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳುವವರು ನೀವಾಗಿ.

ನಿಮಗೆ ಮಾತ್ರ ಸಾಧ್ಯವಾದ ಕೆಲಸ ಇನ್ನೊಂದಿದೆ. ಶಾಸನದ ಕಲ್ಲಿನಲ್ಲಿ ರಾಜ, ದಂಡನಾಯಕ, ವರ್ತಕರ ಹೆಸರಿರುತ್ತದೆ. ಕಲ್ಲು ಹೊತ್ತವರ, ಕೆರೆಗೆ ಮಣ್ಣು ಹಾಕಿದವರ, ಗುಡಿಯ ಮುಂದೆ ತಮಟೆ ಬಡಿದೂ ಒಳಗೆ ಬರಲಾಗದವರ ಹೆಸರು ಇರುವುದಿಲ್ಲ. ಅವರ ಚರಿತ್ರೆ ಹಾಡಿನಲ್ಲಿದೆ, ವಂಶಾವಳಿ ಹೇಳುತ್ತ ಬರುವ ಹೆಳವರ ಬಾಯಲ್ಲಿದೆ, ಮಾರಿಹಬ್ಬದ ಕುಣಿತದಲ್ಲಿದೆ. ಆ ಕೇರಿಗಳಿಗೂ ಹೋಗಿ. ಅಲ್ಲಿನ ಗದ್ದುಗೆ, ಅಲ್ಲಿನ ಕಲ್ಲು, ಅಲ್ಲಿನ ಬಾವಿಯನ್ನೂ ಅಷ್ಟೇ ಗೌರವದಿಂದ ದಾಖಲಿಸಿ. ಬಸದಿ, ದರ್ಗಾ, ಚರ್ಚು, ಮಠ, ಗುಡಿ ಎಲ್ಲವೂ ಈ ಮಣ್ಣಿನವೇ. ಊರಿನ ಪರಂಪರೆ ಎಂದರೆ ಎಲ್ಲರ ಪರಂಪರೆಯೂ ಆಗಬೇಕು. ಕರೀಂ ಖಾನರ ಜಿಲ್ಲೆಯವರು ನಾವು. ಅದಕ್ಕಿಂತ ಕಡಿಮೆ ಮಾಡಿದರೆ ನಮಗೆ ಶೋಭೆಯಲ್ಲ.

ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ನಿಮ್ಮಲ್ಲಿ ಬಹಳ ಮಂದಿ ಕಾರ್ಯಕ್ರಮದ ಗೌರವಧನಕ್ಕೇ ತಿಂಗಳುಗಟ್ಟಲೆ ಕಾಯುವವರು ಎಂದು ಬಲ್ಲೆ. ಕೆಲಸ ಬಿಟ್ಟು ಕಲ್ಲು ಹುಡುಕಿ ಎಂದು ನಾನು ಹೇಳುತ್ತಿಲ್ಲ. ಶೆಣೈ ಬ್ಯಾಂಕಿನ ಕೆಲಸ ಮಾಡುತ್ತಲೇ ಈ ದಾರಿಗೆ ಬಂದರು, ರಂಗಸ್ವಾಮಿ ಪೂಜೆ ಮಾಡುತ್ತಲೇ ಬರೆದರು. ಸಂಘ ಸಂಸ್ಥೆಗಳಿಗೂ, ಪಂಚಾಯಿತಿಗಳಿಗೂ, ಜಿಲ್ಲಾಡಳಿತಕ್ಕೂ ನನ್ನದೊಂದು ಮಾತಿದೆ: ಉತ್ಸವಗಳಲ್ಲಿ ಹೊರಗಿನ ಸಿನಿಮಾ ತಾರೆಯರಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಈ ಊರುಗಳ ಹಾಡುಗಾರರಿಗೆ, ಹಾಡಿನ ಜೊತೆ ಊರಿನ ಚರಿತ್ರೆಯನ್ನೂ ದಾಖಲಿಸುವ ಕೆಲಸಕ್ಕೆ ಕೊಡಿ. ಮೊಸಳೆಯ ಗುಡಿಯ ಅಂಗಳದಲ್ಲಿ, ನುಗ್ಗೇಹಳ್ಳಿಯಲ್ಲಿ, ರಾಮನಾಥಪುರದ ಸೋಪಾನದಲ್ಲಿ ಇಲಾಖೆಯ ಅನುಮತಿ ಪಡೆದು, ಧ್ವನಿವರ್ಧಕದ ಅಬ್ಬರವಿಲ್ಲದೆ, ವರ್ಷಕ್ಕೊಂದು ಸಂಜೆ ಆಯಾ ಊರಿನವರ ಹಾಡೇ ನಡೆಯಲಿ. ಜನ ಬಂದು ಕೂತು ಕೇಳುವ ಜಾಗವನ್ನು ಯಾರೂ ಸುಲಭವಾಗಿ ಹಾಳುಮಾಡಲಾರರು.

ಹಾಸನ ಜಿಲ್ಲೆಯಲ್ಲಿ ಹಸಿರುಭೂಮಿ ಪ್ರತಿಷ್ಠಾನದವರು ಇತ್ತೀಚಿನ ವರ್ಷಗಳಲ್ಲಿ ಹೂಳು ತುಂಬಿದ ಕಲ್ಯಾಣಿಗಳಿಗೆ ಇಳಿದು, ಊರವರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿಕೊಂಡು ಸ್ವಚ್ಛ ಮಾಡಿದ್ದಾರೆ. ಮೆಟ್ಟಿಲು ಕಾಣಿಸಿಕೊಂಡವು, ನೀರು ಬಂತು. ಅಂಥ ಶ್ರಮದಾನದ ದಿನ ಹಾಡುವ ಕೊರಳೊಂದು ಇದ್ದರೆ ಬುಟ್ಟಿ ಹಗುರವಾಗುತ್ತದೆ. ಕೆಲಸದ ಹಾಡುಗಳು ಹುಟ್ಟಿದ್ದೇ ಅದಕ್ಕೆ.

ಕೊನೆಗೆ ನನ್ನ ಕೇಳಿಕೆ ಇಷ್ಟೇ. ನಿಮ್ಮ ತಂಡಗಳಲ್ಲಿ ಒಬ್ಬೊಬ್ಬರು ಒಂದೊಂದು ಊರನ್ನು ವಹಿಸಿಕೊಳ್ಳಿ. ಹುಟ್ಟಿದ ಊರಾದರೂ ಸರಿ, ಅಜ್ಜಿಯ ಊರಾದರೂ ಸರಿ. ಆ ಊರಿನ ಹಾಡು, ಕಲ್ಲು, ಕೆರೆ, ಮನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರುವ ಯುಗಾದಿಯ ಹೊತ್ತಿಗೆ ನಿಮ್ಮ ನಿಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ಎಲ್ಲರೂ ಸೇರಿ ಆ ಪುಸ್ತಕಗಳನ್ನು ಒಟ್ಟಿಗೆ ಇಡೋಣ. ಹಳೆಗನ್ನಡದ ಅಕ್ಷರ ಓದಲು ಬರುವುದಿಲ್ಲ ಎನ್ನುವವರಿಗೆ ಕಲಿಸಿಕೊಡಲು ನನ್ನಂಥ ನಿವೃತ್ತ ಮೇಷ್ಟ್ರುಗಳಿದ್ದೇವೆ, ಭಾನುವಾರಗಳು ಬಿಡುವಿವೆ. ನಮ್ಮನ್ನು ಕರೆಯಿರಿ. ಹಾಡು ಹೇಳಿದ ಅಜ್ಜಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಶುರುವಾಗಬೇಕು. ತಡಮಾಡಬೇಡಿ.

ಇತಿ ನಿಮ್ಮವನೇ ಆದ,
ನಿವೃತ್ತ ಇತಿಹಾಸ ಶಿಕ್ಷಕ,
ಹಾಸನ ಜಿಲ್ಲೆ